ಕಿರುಬೆರಳಿನ ಸಾಕ್ಷಿ

ವೆಂಕೋಬರಾಯರ ಬಲಗೈ ಕಿರುಬೆರಳು ಯಾವಾಗಲೂ ಕಪ್ಪಗಿರುತ್ತಿತ್ತು. ಗೋಪಿಚಂದನ ಹಚ್ಚುವ ಕೈ ಅದು. ಆದರೆ ಆ ಒಂದು ಬೆರಳಿನ ಎಣ್ಣೆಕಲೆ ಮಾತ್ರ ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅದರ ಉಗುರನ್ನು ದಿನಾ ಕತ್ತರಿಸುವರು. ಸೈನ್ಯದ ಹಳೆಯ ರೈಫಲ್ ಎಲ್ಲೇ ಕಂಡರೂ ಬೋಲ್ಟ್, ಅಂದರೆ ಹಿಂಬದಿಯ ಕಬ್ಬಿಣದ ಅಗಳಿ, ಹಿಂದಕ್ಕೆಳೆದು, ಗುಂಡು ಕೂರುವ ತೂತಿಗೆ ಮೊದಲು ಆ ಬೆರಳು ತೂರಿಸುವರು. "ಕಣ್ಣು ಸುಳ್ಳು ಹೇಳ್ತಾವಪಾ, ಬೆರಳು ಹೇಳೂದಿಲ್ಲ" ಎಂಬುದು ಅವರ ಮಾತು.

ಬಂದೂಕಿನ ಲೈಸೆನ್ಸ್ ನೋಡುವ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಜನ್ಮದಲ್ಲಿ ಒಂದು ಗುಂಡು ಹಾರಿಸಿದವರಲ್ಲ. ಜಿರಲೆಯನ್ನೂ ಮೊರದಲ್ಲಿ ಎತ್ತಿ ಹೊರಗೆ ಬಿಡುವ ಪೈಕಿ. ಸ್ವಂತಕ್ಕೆ ರೈಫಲ್ ಇರಲಿಲ್ಲ. ಫೌಜಿನವರ ಮನೆಗಳಲ್ಲಿ ಉಳಿದವನ್ನು ಹುಡುಕಿಕೊಂಡು ಹೋಗಿ, ಫೋಟೊ ಸಮೇತ ನೋಟ್‌ಬುಕ್ಕಿನಲ್ಲಿ ಕೂಡಿಹಾಕುವರು. ಬೋಲ್ಟಿನ ನಂಬರೂ ರೈಫಲ್ಲಿನ ಮೈಮೇಲಿನ ನಂಬರೂ ಒಂದೇ ಇದ್ದರೆ, "ಹುಟ್ಟಿದಾಗಿನ ಜೋಡಿ ನೋಡೋ!" ಎಂದು ಹಿಗ್ಗುವರು. ಹಿಡಿಯ ಮರಕ್ಕೆ ಅಗಸೆ ಎಣ್ಣೆ ತಿಕ್ಕುವುದು ಬಿಟ್ಟು ವಾರ್ನಿಷ್ ಬಳಿದವರಿಗೆ, "ಮುದುಕಿಗೆ ಪೌಡರ್ ಬಡದೀರಲ್ರೀ" ಎಂದು ಬೈಗುಳ.

ಫೋಟೊ ತೆಗೆಯುವವನು ನಾನು. ನಮ್ಮೂರಿನ ಗಾಂಧಿನಗರದಲ್ಲಿ ಅವರ ಮನೆಯೆದುರೇ ನನ್ನ ಸ್ಟುಡಿಯೊ. ನಾನೋ, ದೀಪಾವಳಿ ಪಟಾಕಿಗೇ ಬಾಗಿಲು ಹಾಕಿಕೊಳ್ಳುವ ಪುಕ್ಕಲ. ಕುರುಗೋಡಿಗೆ ಹೋಗಿಬಂದ ಮೇಲಂತೂ ಕೇಳಲೇಬೇಡಿ.

ಕುರುಗೋಡಿನ ಆ ಮನೆಯಲ್ಲಿ ರೈಫಲ್ಲಿಗೆ ಅರಿಶಿನ ಕುಂಕುಮ ಮೆತ್ತಿದ್ದರು. ರಾಯರು ಒಳಗೆ ನೀರು ಕುಡಿಯುತ್ತಿದ್ದಾಗ, ಬೆಳಕು ಚೆನ್ನಾಗಿದೆಯೆಂಬ ಹುಕಿಯಲ್ಲಿ ನಾನೇ ಮನೆಯ ಯಜಮಾನನಿಗೆ, "ನನ್ ಕಡಿ ಗುರಿ ಹಿಡೀರಿ" ಅಂದೆ. ಕ್ಯಾಮೆರಾದಲ್ಲಿ ನಳಿಗೆಯ ಬಾಯಿ ದುಂಡಗೆ ಕಂಡಿತು. ರಾಯರು ಲೋಟ ಎಸೆದು ಓಡಿಬಂದರು. ನಳಿಗೆಯನ್ನು ಮೇಲಕ್ಕೆತ್ತಿ, ರೈಫಲ್ ಕಸಿದುಕೊಂಡು, ಬೋಲ್ಟ್ ಎಳೆದು ಬೆರಳು ಹಾಕಿದರು.

"ಇದರಾಗ ಗುಂಡು ಅದ."

ಯಜಮಾನನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯ ಶಿವನ! ನಮ್ಮ ಮನಿಯವ್ರು ಮಾನೌಮಿ ಆಯುಧಪೂಜಿಗೆ ಅದ್ರ ಉಡಿ ತುಂಬತಿದ್ರುರೀ. ಆಯುಧ ಅಂದ್ರ ದೇವಿ, ಬರೇ ಉಡಿಲೆ ಕುಂದರಸಬಾರ್ದು ಅಂತ ಒಂದು ಗುಂಡು ಇಟ್ಟು ಮರುದಿನ ತಗೀತಿದ್ರು. ಹ್ವಾದ ವರ್ಷ ಇಟ್ರು. ಬೆಳಗಾಗೂದ್ರಾಗ ಅವ್ರ ಹೋಗಿಬಿಟ್ರು."

ಬೋಲ್ಟಿನ ತುದಿಯಲ್ಲಿ ಗುಂಡನ್ನು ಹಿಡಿದೆಳೆಯುವ ಕೊಕ್ಕೆ ಸವೆದು, ಬೋಲ್ಟ್ ಎಳೆದರೂ ಗುಂಡು ಒಳಗೇ ಉಳಿದಿತ್ತು. ಎಣ್ಣೆ ಕುಂಕುಮದ ಗಸಿಯಲ್ಲಿ ಒಳಗಿದ್ದದ್ದು ಕಣ್ಣಿಗೂ ಕಾಣುವಂತಿರಲಿಲ್ಲ. ಬಂದೂಕು ರಿಪೇರಿಯವನನ್ನು ಕರೆಸಿ ತೆಗೆಸುವ ತನಕ ನಾನು ಕಟ್ಟೆಯ ಮೇಲೆ ಕುಕ್ಕರಿಸಿದವನು ಏಳಲಿಲ್ಲ.

ಹೋದ ಬೇಸಿಗೆಯ ಒಂದು ಮುಂಜಾನೆ ರಾಯರು ಸ್ಟುಡಿಯೊಗೆ ಬಂದವರು ಕೂರಲಿಲ್ಲ.

"ಬಸವರಾಜ, ಸಿರುಗುಪ್ಪಕ್ಕ ನಡಿ. ಈಗಿಂದೀಗ."

ಹದಿನೈದು ದಿನದ ಕೆಳಗಷ್ಟೇ ಅಲ್ಲಿ, ತೀರಿಕೊಂಡ ಹವಾಲ್ದಾರರೊಬ್ಬರ ಮಗನ ಮನೆಯಲ್ಲಿ ರೈಫಲ್ ನೋಡಿದ್ದೆವು. ರಾಯರು ಬೆರಳು ಹಾಕಿ, "ಖಾಲಿ ಅದ, ಗ್ವಾಡಿಗೆ ಹಾಕ್ರಿ" ಅಂದಿದ್ದರು.

"ಮತ್ಯಾಕ್ರೀ ರಾಯರ?"

ಅವರು ಕಿರುಬೆರಳು ತೋರಿಸಿದರು. ಬೊಬ್ಬೆ ಎದ್ದಿತ್ತು. "ನಿನ್ನೆ ಬಿಸಿ ಹಾಲಿನ ಪಾತ್ರಿ ಹಿಡಿದಿದ್ದೆ. ಸುಟ್ಟದ್ದೇ ತಿಳೀಲಿಲ್ಲ. ಸಕ್ಕರಿ ಬ್ಯಾನಿ, ಬೆರಳು ಮರಗಟ್ಟಿ ಆರು ತಿಂಗಳಾತು. ಹೇಳಲಿಕ್ಕೆ ಮಾನ ಅಡ್ಡ ಬಂತೋ. ಆಮ್ಯಾಲೆ ನೋಡಿದ್ದು ಅದೊಂದ ರೈಫಲ್. ಅವತ್ತು ಬೆರಳಿಗೆ ಏನೂ ಹತ್ತಲಿಲ್ಲ, ಖಾಲಿ ಅಂದೆ."

ಗೋಡೆಗೆ ಅಡ್ಡಲಾಗಿ ತೂಗುಹಾಕಿದ್ದ ಆ ರೈಫಲ್‌ನ ನಳಿಗೆಯ ಎದುರಿಗೇ ತೊಟ್ಟಿಲಿತ್ತು! ಎರಡು ಸಲ ಫೋನ್ ಮಾಡಿದೆ, ರಿಂಗಾಗಿ ನಿಂತಿತು. ಬೈಕಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ರಾಯರು ನನ್ನ ಭುಜ ಹಿಡಿದು ಹರಿನಾಮ ಹೇಳುತ್ತಿದ್ದರು.

ಸಿರುಗುಪ್ಪದ ಆ ಮನೆಯಲ್ಲಿ ಹವಾಲ್ದಾರರ ಸೊಸೆ ತೊಟ್ಟಿಲು ತೂಗುತ್ತಿದ್ದಳು. "ಬರ್ರಿ, ಚಾ ಕುಡೀರಿ" ಅಂದಳು.

"ತಂಗಿ, ಮೊದಲು ಕೂಸಿನ್ನ ಎತ್ತಿಕೊಂಡು ಹೊರಗ ನಡಿ," ಅಂದರು ರಾಯರು. ಅವಳು ಅವರ ಮುಖ ನೋಡಿದವಳೇ ಮಗುವನ್ನು ಎತ್ತಿಕೊಂಡು ಓಡಿದಳು. ಅವಳ ಗಂಡ ರೈಫಲ್ ಇಳಿಸಿ ನಳಿಗೆಯನ್ನು ಹಿತ್ತಲ ಮಣ್ಣಿನ ಕಡೆ ತಿರುಗಿಸಿ ಹಿಡಿದ, ಬೋಲ್ಟ್ ಎಳೆದ. ರೂಢಿಯಂತೆ ಮುಂದೆ ಬಂದ ರಾಯರ ಕೈ ಅರ್ಧಕ್ಕೇ ನಿಂತಿತು.

"ನೀ ಹಾಕು, ಬಸವರಾಜ."

ಅಪ್ಪನಾಣೆ, ಓಡಿಹೋಗಬೇಕು ಅನ್ನಿಸಿತು. ಕಣ್ಣು ಮುಚ್ಚಿ ಬೆರಳು ತೂರಿಸಿದೆ.

"ಏನು ಹತ್ತತದ?"

"ಏನಿಲ್ರೀ. ತಣ್ಣಗ ಐತಿ. ತೂತಿನ ಅಂಚು ಹತ್ತತೈತಿ, ಒಳಗ ಬಯಲು."

"ಮತ್ತೊಮ್ಮೆ ನೋಡು."

ಮೂರು ಸಲ ನೋಡಿದೆ. ಖಾಲಿಯೇ ಇತ್ತು. ಮನೆಯವನು ನಕ್ಕು, "ಬಿಡ್ರಿ ರಾಯರ, ನೀವು ಹೇಳಿದ್ದ ಖರೆ ಆತಲ್ಲ" ಅಂದ. ರಾಯರು ನಗಲಿಲ್ಲ. ತಮಗಿಂತ ಎಷ್ಟೋ ಚಿಕ್ಕವನಾದ ಅವನಿಗೆ ಕೈ ಮುಗಿದು, "ತಿಳೀಲಾರದ ಹೇಳಿದ್ದೆನಪಾ, ತಪ್ಪಾತು" ಅಂದರು. ನೋಟ್‌ಬುಕ್ ತೆರೆದು, "ಖಾಲಿ, ನಾನೇ ನೋಡಿದ್ದೇನೆ" ಎಂಬ ಸಾಲು ಹೊಡೆದುಹಾಕಿದರು. ಕೆಳಗೆ, "ಖಾಲಿ, ಬಸವರಾಜ ನೋಡಿದ್ದಾನೆ" ಎಂದು ಬರೆದು ನೋಟ್‌ಬುಕ್ಕನ್ನು ನನ್ನ ಕೈಗಿಟ್ಟರು. ಅದನ್ನು ಮತ್ತೆಂದೂ ವಾಪಸು ಕೇಳಲಿಲ್ಲ.

ಶ್ರಾವಣದಲ್ಲಿ ರಾಯರು ಹೋದರು. ಮೊನ್ನೆ ಹಚ್ಚೊಳ್ಳಿಯಿಂದ ಒಬ್ಬರ ಫೋನ್ ಬಂತು: "ನಮ್ಮ ಮನ್ಯಾಗೂ ಅಜ್ಜಂದು ಒಂದು ರೈಫಲ್ ಐತ್ರಿ, ರಾಯರನ್ನ ಕಳಸ್ರಿ."

ರಾಯರಿಲ್ಲ ಎಂದೆ.

"ಹಂಗಾರ ಬೆರಳು ಹಾಕಿ ನೋಡೋರು ಯಾರ್ರೀ?"

ನನಗೆ ಇವತ್ತಿಗೂ ಭಯವೇ. ನಾಳೆ ಬರುತ್ತೇನೆ ಎಂದುಬಿಟ್ಟೆ. ಫೋನಿಟ್ಟು, ಕಿರುಬೆರಳಿನ ಉಗುರು ಕತ್ತರಿಸಿಕೊಂಡೆ.