ಬಾಗ್ದಾದಿನ ತಾರಸಿಗಳು

ಅವರ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಎಂದೋ ಉಳಿ ತಗುಲಿದ ಆ ಸೀಳಿನಲ್ಲಿ ಎಷ್ಟು ತೊಳೆದರೂ ಕಪ್ಪು ಮಸಿ ಉಳಿದಿರುತ್ತಿತ್ತು.

ಟೋಕಿಯೋದ ಎಡೋಗಾವಾದಲ್ಲಿ ನಮ್ಮ ಮೇಲಿನ ಮನೆಯವರು. ಇರಾಕಿನ ಕಲಾವಿದೆ. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ ಕಾಗದಕ್ಕೆ ಅಚ್ಚೊತ್ತುವುದನ್ನು ಕಲಿಯಲು ಹರೆಯದಲ್ಲಿ ಜಪಾನಿಗೆ ಬಂದವರು, ಊರಲ್ಲಿ ಯುದ್ಧ ಶುರುವಾಗಿ ಇಲ್ಲೇ ಉಳಿದುಬಿಟ್ಟಿದ್ದರು. ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟು ಒಂಟಿಯಾಗಿ ಬದುಕುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಮ್ಮ ಮಾತುಕತೆ ಅರ್ಧ ಇಂಗ್ಲಿಷ್, ಅರ್ಧ ಹರುಕುಮುರುಕು ಜಪಾನಿ.

ಅವರು ಕೆತ್ತುತ್ತಿದ್ದುದು ತಾರಸಿಗಳನ್ನೇ. ಬೇಸಿಗೆಯಲ್ಲಿ ಬಾಗ್ದಾದಿನ ಮನೆಮಂದಿಯೆಲ್ಲ ತಾರಸಿಯ ಮೇಲೆ ಮಲಗುವುದು, ಮಂಚ, ನೀರಿನ ಹೂಜಿ, ಒಣಗಲು ಹಾಕಿದ ಬಟ್ಟೆ. ಯುದ್ಧದ ಚಿತ್ರಗಳಿದ್ದರೆ ಜನ ಬರುತ್ತಾರೆ ಎಂದು ಪ್ರದರ್ಶನ ಏರ್ಪಡಿಸುವವರೊಬ್ಬರು ಹೇಳಿದರಂತೆ. "ನಮ್ಮೂರಲ್ಲಿ ಜನ ನಿದ್ದೆನೂ ಮಾಡ್ತಾರೆ ಅಂದೆ," ಎಂದರು ಅಕ್ಕ. ಆ ಪ್ರದರ್ಶನ ನಡೆಯಲೇ ಇಲ್ಲ.

ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಅಣಿಮಾಡುವ ವೈಟುಕೆ ಕೆಲಸವೆಂದು ನಮ್ಮವರು ಆಫೀಸಿನಲ್ಲೇ ಬೀಡುಬಿಟ್ಟಿದ್ದ ಚಳಿಗಾಲದಲ್ಲಿ, ದಿನ ತುಂಬುತ್ತಿದ್ದ ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ನಮ್ಮಲ್ಲಿ ಹಸುಗೂಸನ್ನು ಹೂಳುತ್ತಾರೆ. ಅಲ್ಲಿ ಸುಟ್ಟರಂತೆ. ನಾನು ಆಸ್ಪತ್ರೆಯ ಹಾಸಿಗೆಯಲ್ಲಿದ್ದೆ. ಮನೆಗೆ ಬಂದ ಮೇಲೆ ಅಳು ಬರಲಿಲ್ಲ, ಹಸಿವೂ ಆಗಲಿಲ್ಲ. ಮೈಸೂರಿನಿಂದ ಅಮ್ಮ ಫೋನಿನಲ್ಲಿ ಅಳುತ್ತಿದ್ದರೆ ರಿಸೀವರ್ ಹಿಡಿದು ಗೋಡೆ ನೋಡುತ್ತಿದ್ದೆ.

ಅಕ್ಕ ಸಮಾಧಾನ ಹೇಳಲಿಲ್ಲ. ಮೇಲೆ ಕರೆದೊಯ್ದು, ಮಸಿ ಹಚ್ಚಿದ ಹಲಗೆಯ ಮೇಲೆ ಕಾಗದ ಹಾಸಿ, ಉಜ್ಜುವ ದುಂಡನೆಯ ಬಿಲ್ಲೆಯೊಂದನ್ನು ನನ್ನ ಕೈಗಿಟ್ಟು, "ಉಜ್ಜು," ಎಂದರು. ಉಜ್ಜಿದೆ. ಆ ಚಳಿಗಾಲವೆಲ್ಲ ಅವರ ತಾರಸಿಗಳಿಗೆ ಅಚ್ಚೊತ್ತಿದವಳು ನಾನು. ಏನೂ ಅನ್ನಿಸುತ್ತಿರಲಿಲ್ಲ. ಆದರೆ ಕೈ ಓಡುತ್ತಿತ್ತು. ಒಂದು ದಿನ ಕೇಳಿದರು: "ಹೆಸರು ಇಟ್ಟಿದ್ಯಾ?"

ಇಟ್ಟಿದ್ದೆ. ನಮ್ಮವರಿಗೂ ಹೇಳಿರದ ಆ ಹೆಸರನ್ನು ಹೇಳಿದೆ. ಅಕ್ಕ ಅದನ್ನು ನಿಧಾನವಾಗಿ ಉಚ್ಚರಿಸಿ, ಇನ್ನೊಂದು ಕಾಗದ ಹಾಸಿದರು.

ಕೆಲವು ವರ್ಷಗಳ ಮೇಲೆ ಅವರಿಗೆ ಕ್ಯಾನ್ಸರ್ ಬಂತು. ಆಸ್ಪತ್ರೆಯಲ್ಲಿ ನನ್ನನ್ನು ಬೇಡಿದ್ದು ಒಂದೇ: "ನನ್ನನ್ನ ಸುಡೋಕೆ ಬಿಡ್ಬೇಡ."

ಅವರು ತೀರಿಕೊಂಡ ಬೆಳಗ್ಗೆ ಆಸ್ಪತ್ರೆಯವರು ಅಲ್ಲಿನ ರೂಢಿಯಂತೆ ದಹನಕ್ಕೆ ಏರ್ಪಾಡು ಮಾಡತೊಡಗಿದರು. ಎಲ್ಲದಕ್ಕೂ ಸುಮಿಮಾಸೆನ್, ಕ್ಷಮಿಸಿ ಎಂದು ತಲೆಬಾಗುತ್ತಿದ್ದ ನಾನು ಬಾಗಿಲಿಗೆ ಅಡ್ಡ ನಿಂತು, ಕೂಡದು ಎಂದೆ. ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು.

"ತಂಗಿ," ಎಂದೆ.

ನನ್ನ ಹಣೆಯ ಕುಂಕುಮವನ್ನು ಒಮ್ಮೆ ನೋಡಿ, ಅವರು ದಹನದ ಏರ್ಪಾಡು ನಿಲ್ಲಿಸಿದರು. ಮಸೀದಿಗೆ ಫೋನ್ ಮಾಡಿದೆ. ಹೂಳಲು ಜಾಗವಿದ್ದುದು ಟೋಕಿಯೋದಿಂದ ಬಹುದೂರದ ಬೆಟ್ಟದ ತಪ್ಪಲಲ್ಲಿ. ಮಸೀದಿಯವರ ವ್ಯಾನಿನಲ್ಲಿ ನಾನೂ ಹೋದೆ. ಗಂಡಸರು ಮಣ್ಣೆಳೆದು ಸರಿದ ಮೇಲೆ ಒಂದು ಹಿಡಿ ಹಾಕಿದೆ. ಮಣ್ಣು ತಣ್ಣಗಿತ್ತು.

ಆರಡಿ ಮೂರಡಿ ನೆಲ. ನಾನು ಹಟ ಹಿಡಿದು ಪಡೆದದ್ದು ಬದುಕಿನಲ್ಲಿ ಅದೊಂದೇ.