ಗಿಡಕ್ಕೊಂದು ತಗಡಿನ ಹೆಸರು

ಮಂಡಿನೋವಿನ ಮುಲಾಮು ಇವತ್ತು ಬೆಳಿಗ್ಗೆ ಮುಗಿಯಿತು. ಟ್ಯೂಬನ್ನು ಬಾಲದಿಂದ ಸುತ್ತುತ್ತಾ ಬಂದು, ಕತ್ತಿನ ಹತ್ತಿರ ಉಳಿದಿದ್ದ ಚೂರನ್ನೂ ಹಿಂಡಿ, ಮಂಡಿಗೆ ತಿಕ್ಕಿಕೊಂಡು ಕಸದ ಡಬ್ಬಿಗೆ ಹಾಕಿದೆ. ಹಾಕಿದವನೇ ಮತ್ತೆ ಕೈಯಿಳಿಸಿ ತೆಗೆದೆ.

"ಅದ್ರಲ್ಲಿ ಇನ್ನೇನಿದೆ ಅಂತ?" ಎಂದಳು ಹೆಂಡತಿ.

ಏನೂ ಇರಲಿಲ್ಲ, ನಿಜ. ಆದರೆ ಅಲ್ಯೂಮಿನಿಯಂ ಟ್ಯೂಬು ಕಣ್ರೀ! ಅದನ್ನು ಎಸೆದರೆ ನಮ್ಮ ದೊಡ್ಡಮ್ಮ ಈಗ ಎಲ್ಲಿದ್ದಾಳೋ ಅಲ್ಲಿಂದಲೇ ಬೈಯುತ್ತಾಳೆ.

ಬೆಳಿಗ್ಗೆಯಿಂದ ನನ್ನ ಮನಸ್ಸೂ ನೆಟ್ಟಗಿರಲಿಲ್ಲವೆನ್ನಿ. ಕೆಳಗಿನ ಮನೆಗೆ ಹೊಸದಾಗಿ ಬಂದಿರುವ ಹೆಂಗಸು ವಾಚ್‌ಮನ್ ಕೈಲಿ ಹೇಳಿಕಳಿಸಿದ್ದರು. ನಿಮ್ಮ ಬಾಲ್ಕನಿಯ ಕುಂಡಗಳ ನೀರು ನಮ್ಮ ಒಗೆದ ಬಟ್ಟೆಯ ಮೇಲೆ ಸೋರುತ್ತಿದೆ, ಕುಂಡಗಳನ್ನು ತೆಗೆಸಿ, ಅಂತ. ನಾನೂ ಅದೇ ವಾಚ್‌ಮನ್ ಕೈಲಿ ಕಳಿಸಲು ಖಾರವಾದದ್ದೊಂದು ಉತ್ತರವನ್ನು ಮನಸ್ಸಿನಲ್ಲೇ ಅರೆಯುತ್ತಿದ್ದೆ. ಅಷ್ಟರಲ್ಲಿ ಈ ಟ್ಯೂಬು ಕೈಗೆ ಬಂತು. ಮುಲಾಮಿನ ವಾಸನೆಯ ಹಿಂದೆಯೇ ಮೈಲಾಪೂರಿನ ಆ ಮನೆಯೂ ಬಂತು.

ತೊಂಬತ್ತರ ದಶಕದ ಕೊನೆಯಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿ ನಾನು ಈ ಮದರಾಸಿಗೆ ಬಂದೆ. ಊರು ಆಗಲೇ ಚೆನ್ನೈ ಆಗಿತ್ತು, ನಮ್ಮ ಮನೆಯಲ್ಲಿ ಮಾತ್ರ ಯಾರೂ ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಒಂದು ತಿಂಗಳ ಮಟ್ಟಿಗೆಂದು ದೊಡ್ಡಮ್ಮನ ಮನೆಯಲ್ಲಿ ಇಳಿದವನು ಮದುವೆಯಾಗುವವರೆಗೂ ಅಲ್ಲೇ ಇದ್ದೆ. ದೊಡ್ಡಪ್ಪ ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾಗಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ, ಉಪದೇಶಕ್ಕೂ ಇರಲಿಲ್ಲ.

ಅದು ಮೂರು ಮಹಡಿಯ ಹಳೆಯ ಕಟ್ಟಡ. ಮೇಲಿನ ಬಯಲು ತಾರಸಿ ಎಲ್ಲ ಮನೆಗಳಿಗೂ ಸೇರಿದ್ದು. ಅಲ್ಲಿನವರಂತೆ ದೊಡ್ಡಮ್ಮನೂ ಅದನ್ನು ಮೊಟ್ಟೆಮಾಡಿ ಎನ್ನುತ್ತಿದ್ದಳು. ಎಣ್ಣೆ ಡಬ್ಬ, ಒಡೆದ ಬಕೆಟ್ಟು, ತೂತು ಬಿದ್ದ ಕುಕ್ಕರ್, ಹೀಗೆ ಕೈಗೆ ಸಿಕ್ಕಿದ್ದರಲ್ಲೆಲ್ಲ ಮಣ್ಣು ತುಂಬಿ ಅವಳು ಬೀಜ ಹಾಕುತ್ತಿದ್ದಳು. ಎಲ್ಲಿ ಏನು ಹಾಕಿದೆನೆಂಬುದನ್ನು ಮಾರನೆಯ ದಿನವೇ ಮರೆಯುತ್ತಿದ್ದಳು.

"ಮೊಳಕೇಲಿ ಎಲ್ಲಾ ಒಂದೇ ಮುಖ ಕಣೋ," ಎನ್ನುತ್ತಿದ್ದಳು. "ಬದನೆ, ಮೆಣಸಿನಕಾಯಿ, ಟೊಮೇಟೊ, ಯಾವ್ದು ಯಾವ್ದು ಅಂತ ಹೇಳು ನೋಡಣ. ತೊಟ್ಲಲ್ಲಿರೋ ಕೂಸುಗಳ ಥರ."

ಹಾಗಾಗಿ ಹೆಸರು ಬರೆದು ಚುಚ್ಚಬೇಕಾಯಿತು. ಊದುಬತ್ತಿ ಡಬ್ಬಿಯ ರಟ್ಟು ಎರಡು ನೀರಿಗೇ ಮುದ್ದೆಯಾಯಿತು. ಐಸ್‌ಕ್ರೀಮ್ ಕಡ್ಡಿಗೆ ಗೆದ್ದಲು ಹತ್ತಿತು. ಮೊಸರಿನ ಡಬ್ಬಿಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಸ್ಕೆಚ್ ಪೆನ್ನಿನಲ್ಲಿ ಬರೆದರೆ, ಮದರಾಸಿನ ಬಿಸಿಲು ವಾರದೊಳಗೆ ಅಕ್ಷರವನ್ನೆಲ್ಲ ನೆಕ್ಕಿಬಿಟ್ಟಿತು. ಕೊನೆಗೆ ನಿಂತದ್ದು ಟೂತ್‌ಪೇಸ್ಟಿನ ಟ್ಯೂಬು. ಎರಡು ತುದಿ ಕತ್ತರಿಸಿ, ಹೊಟ್ಟೆ ಸೀಳಿ, ತೊಳೆದು, ಲಟ್ಟಣಿಗೆಯಿಂದ ಉಜ್ಜಿದರೆ ಬೆಳ್ಳಿಯಂಥ ತಗಡು. ಅಂಚು ಕೈ ಕುಯ್ಯದಂತೆ ಒಳಕ್ಕೆ ಮಡಿಸಬೇಕು. ಮಡಚಿದ ಪೇಪರಿನ ಮೇಲಿಟ್ಟು, ಶಾಯಿ ಮುಗಿದ ರೀಫಿಲ್ಲಿನಿಂದ ಒತ್ತಿ ಬರೆಯಬೇಕು. ಅಕ್ಷರ ತಗಡಿನಲ್ಲೇ ಇಳಿದು ಕೂರುತ್ತದೆ. ಶಾಯಿಯೇ ಇಲ್ಲದ ಮೇಲೆ ಬಿಸಿಲು ಅಳಿಸುವುದೇನನ್ನು? ಪೊರಕೆಕಡ್ಡಿಗೆ ಪೋಣಿಸಿ ಮಣ್ಣಿಗೆ ಚುಚ್ಚಿದರೆ ಆಯಿತು.

ಇದರಿಂದ ಕಷ್ಟಕ್ಕೆ ಬಿದ್ದವನು ನಾನು. "ಏನೋ, ಇನ್ನೂ ಮುಗೀಲಿಲ್ವಾ ನಿನ್ನ ಪೇಸ್ಟು? ಹಲ್ಲು ಉಜ್ತೀಯೋ ಇಲ್ಲ ಸುಮ್ನೆ ತೋರಿಸ್ತೀಯೋ?" ಎಂದು ಬಚ್ಚಲ ಬಾಗಿಲಲ್ಲೇ ವಿಚಾರಣೆ ನಡೆಯುತ್ತಿತ್ತು. ನೋಡನೋಡುತ್ತಾ ಪೇಸ್ಟೆಲ್ಲ ಪ್ಲಾಸ್ಟಿಕ್ ಟ್ಯೂಬಿಗೆ ಬಂತು. ಆಮೇಲೆ ಅವಳಿಗೆ ಮುಲಾಮೇ ಗತಿ. ಕಟ್ಟಡದವರ ಬೆನ್ನುನೋವು, ಕತ್ತುನೋವುಗಳನ್ನು ದೊಡ್ಡಮ್ಮ ಅಷ್ಟು ಕಕ್ಕುಲಾತಿಯಿಂದ ವಿಚಾರಿಸುತ್ತಿದ್ದದ್ದು ಏಕೆಂದು ದೊಡ್ಡಪ್ಪನಿಗೂ ನನಗೂ ಮಾತ್ರ ಗೊತ್ತಿತ್ತು. ಮಿನುಗುವ ಮೆಂತ್ಯದ ತಗಡನ್ನು ಒಮ್ಮೆ ಕಾಗೆ ಗೂಡಿಗೆ ಹೊತ್ತೊಯ್ದಿತು. "ಹೋಗ್ಲಿ ಬಿಡು. ಅದರ ಮರಿಗಳಾದ್ರೂ ಕನ್ನಡ ಕಲೀಲಿ," ಎಂದಳು.

ಹೌದು, ಅವಳು ಬರೆಯುತ್ತಿದ್ದದ್ದೆಲ್ಲ ಕನ್ನಡದಲ್ಲೇ. ತಮಿಳು ನೀರಿನಂತೆ ಆಡುತ್ತಿದ್ದಳು. ಬರೆಯುವುದೆಂದರೆ ಮಾತ್ರ ನಾಚಿಕೆ.

ಆಮೇಲೆ ನೀರಿಲ್ಲದ ಆ ಬೇಸಿಗೆ ಬಂತು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಬೋರ್‌ವೆಲ್ ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಲಾರಿ ಬಂದರೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು, ಸಾಲಿನಲ್ಲಿ ಜಗಳ. ಅಂಥದರಲ್ಲಿ ದೊಡ್ಡಮ್ಮ ಪಾತ್ರೆ ತೊಳೆದ ನೀರನ್ನು ತಾರಸಿಗೆ ಹೊತ್ತೊಯ್ಯುತ್ತಿದ್ದರೂ ನೋಡುವವರ ಕಣ್ಣಿಗೆ ಅದು ನೀರೇ.

ಒಂದು ದಿನ ಮೂರನೆಯ ಮಹಡಿಯ ಸುಂದರಂ ಬಂದರು. ಕಟ್ಟಡದ ಸೆಕ್ರೆಟರಿ, ಕೆಟ್ಟ ಮನುಷ್ಯರಲ್ಲ. ನೀರಿನ ಲಾರಿಗೆ ಫೋನು ಮಾಡಿ ಮಾಡಿ ಗಂಟಲು ಕಟ್ಟಿಕೊಂಡಿದ್ದರು.

"ಮಾಮಿ, ಮನುಷಾಳುಕ್ಕೇ ತಣ್ಣಿ ಇಲ್ಲೆ. ಚೆಡಿಕ್ಕು ಎಂಗೇ ಪೋರದು?" ಎಂದರು.

ಮನುಷ್ಯರಿಗೇ ನೀರಿಲ್ಲ, ಗಿಡಕ್ಕೆ ಎಲ್ಲಿಗೆ ಹೋಗೋಣ? ಮಾತಿನಲ್ಲಿ ತಪ್ಪೂ ಇರಲಿಲ್ಲ. ಎಲ್ಲ ಮನೆಯವರೂ ಹೇಳುತ್ತಿದ್ದಾರೆ, ಭಾನುವಾರ ಇಬ್ಬರು ಆಳುಗಳನ್ನು ಕರೆಸುತ್ತೇನೆ, ತಾರಸಿ ಖಾಲಿ ಮಾಡಿಬಿಡೋಣ ಎಂದು ಹೇಳಿ ಹೋದರು.

ದೊಡ್ಡಮ್ಮ ವಾದಿಸಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಮರುಗದ ಕಡ್ಡಿ ಆ ತಾರಸಿಯಲ್ಲಿ ಪೊದೆಯಾಗಿ ನಿಂತಿತ್ತು. ಬೆಳಿಗ್ಗೆ ಎದ್ದು ಅದರ ಎಲೆಯನ್ನೊಮ್ಮೆ ಮೂಸದೆ ಅವಳು ಕಾಫಿ ಕುಡಿದವಳಲ್ಲ. ಶನಿವಾರ ಊಟವಾದ ಮೇಲೆ, ಕೂಡಿಟ್ಟ ಟ್ಯೂಬುಗಳನ್ನೆಲ್ಲ ಮುಂದೆ ಹರಡಿಕೊಂಡು ಕುಳಿತಳು.

ದೊಡ್ಡಪ್ಪ ಬಗ್ಗಿ ನೋಡಿದರು. "ಇದೇನೇ, ತಮಿಳು! ನಿಂಗ್ಯಾವಾಗ ಬಂತೇ ಬರೆಯಕ್ಕೆ?"

"ನೀವು ರೈಲಲ್ಲಿ ಓಡಾಡ್ಕೊಂಡಿದ್ರಿ, ನಾನು ಬಸ್ಸಿಗೆ ಕಾಯ್ಕೊಂಡಿದ್ದೆ. ಬೋರ್ಡ್ ನೋಡೀ ನೋಡೀ ಬಂತು. ಸುಮ್ನಿರಿ, ಕೊಂಬು ತಪ್ಪೋಗತ್ತೆ."

"ಈಗ್ಯಾಕೆ ಹೆಸ್ರು? ನಾಳೆ ಎಲ್ಲಾ ಹೋಗತ್ತಲ್ಲ."

"ಹೋಗೋದಾದ್ರೆ ಹೆಸರಿಟ್ಕೊಂಡೇ ಹೋಗ್ಲಿ."

ಬೆಳಿಗ್ಗೆ ಆಳುಗಳೊಂದಿಗೆ ಸುಂದರಂ ತಾರಸಿಗೆ ಬಂದಾಗ ನಾವು ಮೂವರೂ ಅಲ್ಲಿದ್ದೆವು. ಕರಿಬೇವಿನ ಡಬ್ಬಕ್ಕೆ ಬಗ್ಗಿದ ಆಳು ತಗಡನ್ನು ಓದಿ, "ಸಾರ್, ರಮ್ಯಾ ಯಾರು?" ಎಂದ. ರಮ್ಯಾ ಎರಡನೆಯ ಮಹಡಿಯ ಹುಡುಗಿ. ಬದನೆ ಗಿಡದ ಮೇಲೆ ಎದುರು ಮನೆಯ ಮುದುಕರ ಹೆಸರಿತ್ತು. ಗಿಡದ ಹೆಸರು ಒಂದೂ ಇರಲಿಲ್ಲ. ಇದ್ದದ್ದೆಲ್ಲ ಕಟ್ಟಡದ ಜನರ ಹೆಸರು. ಸುಂದರಂ ಒಂದೊಂದನ್ನೇ ಓದುತ್ತಾ ಬಂದು ಮರುಗದ ಮುಂದೆ ನಿಂತರು. ಅಲ್ಲಿದ್ದದ್ದು ಅಲಮೇಲು. ಅವರ ತಾಯಿ. ಕಾಲು ಬಿದ್ದುಹೋಗಿ, ಮೆಟ್ಟಿಲಿಳಿದು ವರ್ಷಗಳಾಗಿದ್ದ ಮುದುಕಿ.

"ಎನ್ನ ಮಾಮಿ ಇದು?" ಏನಿದು ಎಂದು ಕೇಳಿದರು.

"ಉಂಗ ಅಮ್ಮಾವೋಡ ಚೆಡಿ," ಎಂದಳು ದೊಡ್ಡಮ್ಮ. ನಿಮ್ಮ ಅಮ್ಮನ ಗಿಡ. ಆಮೇಲೆ ಮೆತ್ತಗೆ, "ನೀಂಗಳೇ ಎಡುತ್ತುಡುಂಗೋ." ನೀವೇ ತೆಗೆದುಬಿಡಿ.

ಸುಂದರಂ ಕುಂಡವನ್ನು ಎತ್ತಿಕೊಂಡು ಕೆಳಗಿಳಿದೇಬಿಟ್ಟರು. ದೊಡ್ಡಮ್ಮ ನೀರಿನ ಟ್ಯಾಂಕಿಗೆ ಒರಗಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಆಳುಗಳು ಎರಡು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಸುಂದರಂ ಮತ್ತೆ ಮೇಲೆ ಬಂದರು. ಒಂದು ಕಂಕುಳಲ್ಲಿ ಅದೇ ಕುಂಡ, ಇನ್ನೊಂದು ಕೈಯಲ್ಲಿ ಅಕ್ಕಿ ತೊಳೆದ ನೀರಿನ ಪಾತ್ರೆ. ಮುಖದಲ್ಲಿ ಬೈಸಿಕೊಂಡು ಬಂದ ಕಳೆ. ತನ್ನ ಗಿಡವನ್ನು ಬಿಸಿಲಿಲ್ಲದ ಮನೆಯೊಳಕ್ಕೆ ಏಕೆ ತಂದೆ ಎಂದು ಅಲಮೇಲು ಅಜ್ಜಿ ಮಗನಿಗೆ ಗದರಿದ್ದರಂತೆ. ಆಳುಗಳು ಕಾಫಿ ಕುಡಿದು ವಾಪಸು ಹೋದರು.

ಸಂಜೆಯೊಳಗೆ ಮಕ್ಕಳು "ನನ್ನದು ಯಾವುದು?" ಎಂದು ಮೆಟ್ಟಿಲು ಹತ್ತಿಬಂದವು. ಮೆಟ್ಟಿಲ ತಿರುವಿನಲ್ಲಿ ಒಂದು ಬಕೆಟ್ಟು ಕೂತಿತು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರೆಲ್ಲ ಅದಕ್ಕೆ. ಆ ಬೇಸಿಗೆಯಲ್ಲಿ ಟೊಮೇಟೊ ಸತ್ತಿತು, ಉಳಿದವು ಬಾಡಿ ಬಾಡಿಯೂ ಮಳೆಗಾಲ ಕಂಡವು. ನನ್ನ ಹೆಸರು ಯಾವುದಕ್ಕಿತ್ತು ಅಂತೀರಾ? ಲೋಳೆಸರಕ್ಕೆ. "ನೀನು ಮರೆತ್ರೂ ಅದು ಸಾಯಲ್ಲ," ಎಂದಿದ್ದಳು.

"ಎಲ್ಲಾ ಅವರವರ ಪಾಲಾಯ್ತಲ್ಲ ದೊಡ್ಡಮ್ಮ, ನಿನಗೇನು ಉಳೀತು?" ಎಂದು ಕೆಣಕಿದ್ದೆ.

"ಗಿಡ ಉಳೀತಲ್ಲೋ," ಎಂದಳು.

ಆ ಮರುಗದ ಮರಿಮಗಳು ಈಗ ನನ್ನ ಬಾಲ್ಕನಿಯಲ್ಲಿದೆ. ಇವತ್ತು ಮೊದಲು ಎಲ್ಲ ಕುಂಡಗಳ ಕೆಳಗೆ ಹಳೆಯ ತಟ್ಟೆಗಳನ್ನಿಟ್ಟೆ. ಆಮೇಲೆ ಟ್ಯೂಬು ಸೀಳಿ, "ಚಪಾತಿ ಲಟ್ಟಣಿಗೆ ಕಣ್ರೀ ಅದು!" ಎಂಬ ಕೂಗಿಗೆ ಕಿವುಡಾಗಿ ತಗಡು ಉಜ್ಜಿ, ರೀಫಿಲ್ ಹಿಡಿದು ಕುಳಿತೆ. ಏನೆಂದು ಬರೆಯಲಿ? ಕೆಳಗಿನ ಮನೆಯವರ ಬಟ್ಟೆಯ ಬಣ್ಣಗಳೆಲ್ಲ ನನಗೆ ಗೊತ್ತು. ಹೆಸರು ಗೊತ್ತಿಲ್ಲ.

ಮರುಗದ ಕುಂಡವನ್ನು ಅಪ್ಪಿಕೊಂಡು, ಮಂಡಿಯನ್ನು ಸಮಾಧಾನಪಡಿಸುತ್ತಾ ಮೆಟ್ಟಿಲಿಳಿದೆ. ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆಯಿತು.

"ಉಂಗ ಪೇರ್ ಎನ್ನಮ್ಮಾ?" ಎಂದು ಹೆಸರು ಕೇಳಿದೆ.

"ಎದುಕ್ಕು?" ಯಾಕೆ ಎಂದರು ಅವರು, ಅನುಮಾನದಿಂದ.

ಇನ್ನೂ ಏನೂ ಬರೆಯದ ತಗಡನ್ನು ಎತ್ತಿ ತೋರಿಸಿದೆ. ಅವರು ತಗಡು ನೋಡಿದರು, ಗಿಡ ನೋಡಿದರು. ಬಾಗಿಲು ಮುಚ್ಚಿತು. ಒಳಗಡೆ ಸರಪಳಿ ಬಿಚ್ಚುವ ಸದ್ದು ಕೇಳಿಸಿತು.