ಖಾಲಿ ಜಾಗದ ಕಾಪಿ

ನಮ್ಮವರ ಲ್ಯಾಪ್‌ಟಾಪ್ ಟಿಕ್ ಟಿಕ್ ಅನ್ನಲು ಶುರು ಮಾಡಿದ್ದು ಅವರು ತೀರಿಕೊಂಡ ಮರುವರ್ಷದ ಬೇಸಿಗೆಯಲ್ಲಿ. ಹೊಸಪೇಟೆಯ ಬಿಸಿಲಿಗೆ ಮನುಷ್ಯರೇ ಸುಸ್ತಾಗುತ್ತಾರೆ, ಇನ್ನು ಇದರದೇನು ಅಂದುಕೊಂಡು ಮೊದಮೊದಲು ಅದರ ಮುಂದೊಂದು ಟೇಬಲ್ ಫ್ಯಾನ್ ಇಟ್ಟೆ. ಸದ್ದು ನಿಲ್ಲಲಿಲ್ಲ. ಫೋಟೊ ತೆರೆಯಲು ಹೋದರೆ ಪರದೆ ಹಾಗೇ ನಿಂತುಬಿಡುತ್ತಿತ್ತು. ಕಂಪ್ಯೂಟರ್ ಅಂಗಡಿಯವನು ಅದನ್ನು ಕಿವಿಗೆ ಹಿಡಿದು ಕೇಳಿ, ಡಿಸ್ಕ್ ಹೋಗುತ್ತಿದೆ, ಪದೇ ಪದೇ ಆನ್ ಮಾಡಬೇಡಿ, ಇರುವಷ್ಟು ದಿನ ಇರಲಿ ಅಂದ. ಆಸ್ಪತ್ರೆಯಲ್ಲೂ ನನಗೆ ಹೀಗೇ ಹೇಳಿದ್ದರು. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ.

ಅವರು ಹಂಪಿಯಲ್ಲಿ ಗೈಡ್ ಆಗಿದ್ದರು. ದನಿಯೇ ಅವರ ಬಂಡವಾಳ. ಸಂಜೆ ಮನೆಗೆ ಬಂದು, ಮರುದಿನ ಪ್ರವಾಸಿಗರಿಗೆ ಹೇಳಬೇಕಾದ್ದನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ, ತಾವೇ ಕೇಳಿ, ತಾವೇ ತಪ್ಪು ಹುಡುಕುತ್ತಿದ್ದರು. ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ. ಒಗ್ಗರಣೆ ಸದ್ದು ಅದರಲ್ಲಿ ಸೇರಿಕೊಂಡಿತು ಅಂತ ನನ್ನ ಮೇಲೆ ರೇಗುವುದು ಬೇರೆ. ಒಲೆ ಆರಿಸಿದರೆ ರಾತ್ರಿ ಹಂಪಿಯ ಕಲ್ಲು ತಿನ್ನುತ್ತೀರೇನು ಅಂತ ನಾನೂ ಬಿಡುತ್ತಿರಲಿಲ್ಲ.

ಆಮೇಲೆ ಗಂಟಲಿಗೆ ಕಾಯಿಲೆ ಬಂತು. ಆಪರೇಷನ್ನಿನಲ್ಲಿ ದನಿಪೆಟ್ಟಿಗೆಯನ್ನೇ ತೆಗೆದರು. ಮಗಳು ಆಗಿನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಮನೆಯಲ್ಲಿ ಮಾತಿನ ಜಾಗಕ್ಕೆ ಚಪ್ಪಾಳೆ ಬಂತು. ಒಂದು ತಟ್ಟಿದರೆ ನನ್ನನ್ನು ಕರೆದಂತೆ, ಎರಡು ತಟ್ಟಿದರೆ ಮಗಳನ್ನು. ಉಳಿದದ್ದನ್ನು ಮಗಳ ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಮಧ್ಯಾಹ್ನ ಇಯರ್‌ಫೋನ್ ಹಾಕಿಕೊಂಡು ಹಳೆಯ ರೆಕಾರ್ಡಿಂಗ್ ಕೇಳುತ್ತಾ ಕೂರುತ್ತಿದ್ದರು. ಒಂದು ದಿನ ನೋಡಿದರೆ ಆ ಫೋಲ್ಡರೇ ಇಲ್ಲ. ಎಲ್ಲಿ ಅಂತ ಕೇಳಿದ್ದಕ್ಕೆ ಸ್ಲೇಟಿನಲ್ಲಿ ಬರೆದು ತೋರಿಸಿದರು: ‘ಅವ ಬ್ಯಾರೆ ಮನಷ್ಯಾ. ಸಾಕು.’

ನನಗೆ ಅವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ದನಿ ಅವರದು, ನಿಜ. ಆದರೆ ಅದನ್ನು ಕೇಳಿಕೊಂಡು ಬದುಕಿದವಳು ನಾನು. ಅಳಿಸುವ ಮುಂಚೆ ನನ್ನನ್ನೊಂದು ಮಾತು ಕೇಳಬಾರದಿತ್ತೇ? ಕಾಯಿಲೆಯ ಮನುಷ್ಯನ ಜೊತೆ ಏನು ಜಗಳ ಅಂತ ಸುಮ್ಮನಾದೆ. ಅವರು ಒಂದು ಗೆಸ್ಟ್ ಹೌಸಿನಲ್ಲಿ ಆನ್‌ಲೈನ್ ಬುಕಿಂಗ್ ನೋಡಿಕೊಳ್ಳುವ ಕೆಲಸ ಹಿಡಿದು ಕೆಲವು ವರ್ಷ ಚೆನ್ನಾಗಿಯೇ ಇದ್ದರು. ಆಮೇಲೆ ಕಾಯಿಲೆ ತಿರುಗಿ ಬಂತು. ಜಗಳ ಆಡೋಣವೆಂದರೆ ಅವರೇ ಇರಲಿಲ್ಲ.

ನನ್ನ ತಮ್ಮ ಸಂಡೂರು ಕಡೆಯ ವಡ್ಡುವಿನಲ್ಲಿದ್ದಾನೆ, ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಡಿಸ್ಕಿನ ಸುದ್ದಿ ಕೇಳಿ ಭಾನುವಾರ ಬೆಳಿಗ್ಗೆ ಕೆಂಪು ಧೂಳು ಮೆತ್ತಿದ ಬೈಕಿನಲ್ಲಿ ಬಂದ. ಜೊತೆಗೊಂದು ಹೊಸ ಡಿಸ್ಕ್, ಎರಡು ಪೆನ್‌ಡ್ರೈವ್. ವಗ್ಗಾಣಿ ಮಿರ್ಚಿ ತಿನ್ನುತ್ತಾ ವಿವರಿಸಿದ. ಡಿಸ್ಕ್ ನಿಲ್ಲುವ ಮುಂಚೆ ಅದರಲ್ಲಿರುವುದನ್ನು ಕಾಪಿ ಮಾಡಿಕೊಳ್ಳಲು ಅಂಗಡಿಯಲ್ಲಿ ಸಿಗುವ ದುಡ್ಡಿನ ಸಾಫ್ಟ್‌ವೇರ್ ಅವನಿಗೆ ಹಿಡಿಸಲಿಲ್ಲ. ಅದು ಮಾಡಿಟ್ಟ ಕಾಪಿಯನ್ನು ಅದೇ ತೆರೆಯಬೇಕಂತೆ. ಮಗಳು ದೊಡ್ಡವಳಾಗುವ ಹೊತ್ತಿಗೆ ಆ ಕಂಪನಿಯೇ ಬಾಗಿಲು ಹಾಕಿದ್ದರೆ ಯಾರನ್ನು ಕೇಳುವುದು? ಅವನು ತಂದಿದ್ದು ಪುಕ್ಕಟೆ ಸಿಗುವ ಓಪನ್ ಸೋರ್ಸ್. ಅದನ್ನು ಹೇಗೆ ಬರೆದಿದ್ದಾರೆ ಅನ್ನುವುದನ್ನು ಯಾರು ಬೇಕಾದರೂ ತೆಗೆದು ಓದಬಹುದು, ಬರೆದವರು ಕೈಬಿಟ್ಟರೆ ಇನ್ನೊಬ್ಬರು ನಡೆಸಿಕೊಂಡು ಹೋಗಬಹುದು. ಪುಕ್ಕಟೆ ಅಂದಕೂಡಲೇ ಅನುಮಾನ ಪಡುವ ಬುದ್ಧಿ ನನ್ನದು. ಆದರೂ ಈ ಮಾತು ಸರಿ ಅನ್ನಿಸಿ ಒಪ್ಪಿದೆ.

ತೊಡಕು ಇದ್ದದ್ದು ಆಮೇಲೆ. ಒಂದು ಪೆನ್‌ಡ್ರೈವಿನಲ್ಲಿದ್ದ ಸಾಫ್ಟ್‌ವೇರ್ ಡಿಸ್ಕಿನಲ್ಲಿ ಈಗ ಇರುವುದನ್ನಷ್ಟೇ ಎತ್ತಿಕೊಂಡು, ಖಾಲಿ ಜಾಗ ಬಿಟ್ಟು, ಬೇಗ ಮುಗಿಸುತ್ತದೆ. ಇನ್ನೊಂದರಲ್ಲಿದ್ದದ್ದು ಖಾಲಿ ಜಾಗವನ್ನೂ ಬಿಡದೆ ಮೂಲೆಮೂಲೆಯನ್ನೂ ಕಾಪಿ ಮಾಡುತ್ತದೆ. ಖಾಲಿ ಜಾಗ ಕಟ್ಟಿಕೊಂಡು ಏನು ಮಾಡುತ್ತಾರೋ ಅಂತ ನಾನು ನಕ್ಕೆ. ಅಳಿಸಿದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಅದರ ಮೇಲೆ ಬೇರೇನೂ ಬರೆಯದಿದ್ದರೆ ಆ ಖಾಲಿ ಅನ್ನುವ ಜಾಗದಲ್ಲೇ ಬಿದ್ದಿರುತ್ತದೆ ಅಂದ. ನನ್ನ ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು.

“ಹಂಗಾದ್ರ ಎರಡನೇದು ಹಾಕು,” ಅಂದೆ.

“ಅಕ್ಕಾ, ಈ ಡಿಸ್ಕ್ ಎರಡು ಸಲ ತಡೀತೈತೋ ಇಲ್ಲೋ ಗೊತ್ತಿಲ್ಲ. ಎರಡನೇದು ಭಾಳ ಹೊತ್ತು ತಗಂತೈತಿ. ನಡುವ ನಿಂತ್ರ ಇದ್ದದ್ದೂ ಹೋಗ್ತೈತಿ. ಭಾವ ಅಳಿಸಿದ್ದು ಬೇಕೋ, ಇಟ್ಟಿದ್ದು ಬೇಕೋ, ನೀನ ಹೇಳು.”

ಮಗಳಿಗೆ ಅಪ್ಪನ ದನಿಯೇ ನೆನಪಿಲ್ಲ, ಅವಳಿಗೋಸ್ಕರ ಬೇಕು ಅಂದೆ. ಫೋಟೊ ಹೋದರೆ ಹೋಗಲಿ ಅಂತಲೂ ಅಂದುಬಿಟ್ಟೆ. ಮಗಳು ಈಗ ಆರನೇ ಕ್ಲಾಸು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದವಳು ಒಳಗೆ ಬಂದು ಸೋದರಮಾವನ ಪಕ್ಕ ಕೂತಳು.

“ಮಾಮಾ, ನನ್ನ ಸೈಕಲ್ ವಿಡಿಯೊ ಅದರಾಗ ಐತಿ. ಅಪ್ಪ ತೆಗೆದಿದ್ದು. ಅದು ಹೋಗಬಾರದು,” ಅಂದಳು.

ಮೊದಲನೆಯದನ್ನೇ ಹಾಕು ಅಂದೆ. ಹೇಳುವಾಗ ನನ್ನ ದನಿಯಲ್ಲಿ ಸಿಡುಕಿತ್ತು.

ಕರೆಂಟ್ ಹೋದೀತು ಅಂತ ಇನ್ವರ್ಟರಿಗೆ ಜೋಡಿಸಿ, ಫ್ಯಾನು, ಟಿವಿ ಎಲ್ಲ ಆರಿಸಿ ಸೆಕೆಯಲ್ಲೇ ಕೂತೆವು. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಕಾಪಿ ಸರಿಯಾಗಿದೆಯೇ ಅಂತ ತಮ್ಮ ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಅವನೇ ಎರಡನೆಯ ಪೆನ್‌ಡ್ರೈವ್ ಹಾಕಿದ. ಅದು ಓದಲು ಆಗದ ಕಡೆ ಬಿಟ್ಟು, ಆಗುವ ಕಡೆ ಓದಿಕೊಂಡು ಮುಂದೆ ಹೋಗುತ್ತಿತ್ತು. ಐಸಿಯು ಹೊರಗೆ ಕೂತ ಹಾಗೆ ಅದರ ಮುಂದೆ ಕೂತೆ. ಸಂಜೆ ಟಿಕ್ ಟಿಕ್ ನಿಂತಿತು. ಮತ್ತೆ ಮತ್ತೆ ಆನ್ ಮಾಡಿ ನೋಡಿದರೂ ಡಿಸ್ಕ್ ತಿರುಗಲಿಲ್ಲ.

ಬಂದಷ್ಟು ಕಾಪಿಯನ್ನು ತಮ್ಮ ತನ್ನ ಲ್ಯಾಪ್‌ಟಾಪಿನಲ್ಲಿ ವಡ್ಡುವಿಗೆ ಒಯ್ದು, ಡ್ಯೂಟಿ ಮುಗಿಸಿ ಬಂದು ದಿನಾ ಜಾಲಾಡಿದ. ಹೆಚ್ಚಿನದೆಲ್ಲ ಬರೀ ಗರಗರ. ಒಂದೇ ಒಂದು ತುಣುಕು ಸರಿಯಾಗಿ ಸಿಕ್ಕಿತು ಅಂತ ನನ್ನ ಫೋನಿಗೆ ಕಳಿಸಿದ. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹಾಕಿದೆ.

“ಬರ್ರಿ, ಮೊದ್ಲು ನೆರಳಿಗೆ ಬರ್ರಿ. ಕಲ್ಲು ಎಲ್ಲಿಗೂ ಹೋಗಂಗಿಲ್ಲ. ಕುಂದ್ರಿ, ನೀರು ಕುಡೀರಿ, ಆಮ್ಯಾಲೆ ಹೇಳ್ತೀನಿ.”

ಅಷ್ಟೇ ಇದ್ದದ್ದು. ಹಿಂದುಗಡೆ ನನ್ನ ಒಗ್ಗರಣೆ ಚಟಪಟ ಅನ್ನುತ್ತಿತ್ತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತೆ. ಅವರು ತೀರಿಕೊಂಡ ದಿನವೂ ಹಾಗೆ ಅತ್ತಿರಲಿಲ್ಲ. ಮಗಳು ಕೊನೆಯವರೆಗೂ ಕೇಳಿ, ನನ್ನ ಬೆನ್ನು ಸವರುತ್ತಾ ಮೆಲ್ಲಗೆ ಕೇಳಿದಳು.

“ಇದು ಅಪ್ಪನಾ, ಅಮ್ಮಾ?”

ಹೌದು ಅಂದೆ. ಗುರುತಿಲ್ಲದ ನೆಂಟರನ್ನು ಪರಿಚಯ ಮಾಡಿಸಿದಾಗ ಅನ್ನುವ ಹಾಗೆ ಹೂಂ ಅಂದಳು. ಇನ್ನೊಂದು ಸಲ ಹಾಕು ಅನ್ನಲಿಲ್ಲ. ಅವಳ ಅಪ್ಪನಿಗೆ ದನಿ ಇರಲೇ ಇಲ್ಲ. ಇವರು ನೆರಳಿಗೆ ಕರೆಯುವ ಯಾರೋ ಗೈಡ್. ಮಗಳಿಗೋಸ್ಕರ ಅಂತ ಹೇಳಿಕೊಂಡು ನಾನು ಹುಡುಕಿಸಿದ್ದು ನನ್ನ ಗಂಡನನ್ನು.

ಅವಳು ಎದ್ದು ಹೋಗಿ, ಮೊದಲ ಕಾಪಿ ಇರುವ ಹೊಸ ಡಿಸ್ಕನ್ನು ಮಾಮ ಕೂರಿಸಿಕೊಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ತನ್ನ ಸೈಕಲ್ ವಿಡಿಯೊ ಹಾಕಿಕೊಂಡಳು. ನಾನು ಅದನ್ನು ಒಮ್ಮೆಯೂ ಪೂರ್ತಿ ನೋಡಿದವಳಲ್ಲ. ಅವರು ಫೋನನ್ನು ಕಟ್ಟೆಯ ಮೇಲೆ ಒರಗಿಸಿಟ್ಟು ತೆಗೆದದ್ದು. ನಮ್ಮದೇ ಓಣಿ, ವಾಲಾಡುತ್ತಾ ಹೋಗುವ ಪುಟ್ಟ ಸೈಕಲ್. ಎರಡು ಚಪ್ಪಾಳೆ ಕೇಳುತ್ತದೆ, ಮಗಳು ತಿರುಗಿ ನಗುತ್ತಾಳೆ. ಅವರು ಎಲ್ಲೂ ಕಾಣುವುದಿಲ್ಲ. ಸೈಕಲ್ ಮನೆಯ ಮುಂದೆ ಬಂದಾಗ ಒಂದು ಚಪ್ಪಾಳೆ. ಅದು ನನಗೆ. ತುಸು ಹೊತ್ತು ಕಾದು ಮತ್ತೊಂದು ತಟ್ಟುತ್ತಾರೆ. ಆಗ ಒಳಗಿನಿಂದ ನನ್ನ ದನಿ ಬರುತ್ತದೆ.

“ಬಂದೆ, ತಡೀರಿ. ಒಲಿ ಮ್ಯಾಲ ಹಾಲೈತಿ.”

ನಾನು ಹೊರಗೆ ಬರುವುದರೊಳಗೆ ವಿಡಿಯೊ ಮುಗಿದುಹೋಗುತ್ತದೆ.